ಸ್ಟೆಡಿಕ್ಯಾಮ್ ಕಲಿಯುವವರಿಗೆ: ವೆಸ್ಟ್ ಕಟ್ಟುವುದರಿಂದ ಛತ್ರದೊಳಗಿನ ಮೊದಲ ಶಾಟ್‌ವರೆಗೆ

ಸ್ಟೆಡಿಕ್ಯಾಮ್ ಅಂದರೆ ನಡೆಯುತ್ತಾ ತೆಗೆದರೂ ಫ್ರೇಮ್ ಕುಣಿಯದಂತೆ ಕ್ಯಾಮೆರಾವನ್ನು ಮೈಗೆ ಕಟ್ಟಿ ಹೊರುವ ಸಲಕರಣೆ. ಬೆಂಗಳೂರಿನಲ್ಲಿ ಮದುವೆ, ಕಿರುಚಿತ್ರ, ಮ್ಯೂಸಿಕ್ ವಿಡಿಯೋ ಮಾಡುವ ಹುಡುಗ ಹುಡುಗಿಯರು ಸ್ಟೆಡಿಕ್ಯಾಮ್ ಬಾಡಿಗೆಗೆ ತಂದು ಎಡವುವುದು ಒಂದೇ ಜಾಗದಲ್ಲಿ. ವೆಸ್ಟ್ (ಭಾರ ಹೊರಲು ಮೈಗೆ ಕಟ್ಟುವ ಪಟ್ಟಿಗಳ ಜಾಕೆಟ್) ಹಾಕಿಕೊಳ್ಳುತ್ತಾರೆ, ಕ್ಯಾಮೆರಾ ಏರಿಸುತ್ತಾರೆ, ತಕ್ಷಣ ನಡೆಯಲು ಶುರು ಮಾಡುತ್ತಾರೆ. ಆಮೇಲೆ ಅದೇ ದೂರು. ಫ್ರೇಮ್ ಒಂದು ಕಡೆ ವಾಲುತ್ತದೆ, ಹೆಜ್ಜೆ ಹೆಜ್ಜೆಗೂ ಕುಣಿಯುತ್ತದೆ, ಅರ್ಧ ಗಂಟೆಯಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಕೈ ಇನ್ನೂ ಪಳಗಿಲ್ಲ ಅಂದುಕೊಂಡು ಮತ್ತಷ್ಟು ನಡೆಯುತ್ತಾರೆ. ಹೆಚ್ಚಿನ ಸಲ ತಪ್ಪು ಕೈಯದ್ದಲ್ಲ. ಬ್ಯಾಲೆನ್ಸ್ ಸರಿಯಾಗಿಲ್ಲ, ಇಲ್ಲವೇ ವೆಸ್ಟ್ ಸರಿಯಾಗಿ ಕೂತಿಲ್ಲ. ಅದನ್ನು ಸರಿಮಾಡದೆ ಎಷ್ಟು ನಡೆದರೂ ಕೈ ತಪ್ಪನ್ನೇ ಕಲಿಯುತ್ತದೆ.

ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಮುಖ್ಯ ಹಂತಗಳಿಗೆ ಪರೀಕ್ಷೆ ಇದೆ. ಅದು ಪಾಸಾಗದೆ ಮುಂದಿನ ಹಂತಕ್ಕೆ ಹೋಗಬೇಡಿ. ಎಲ್ಲಾದರೂ ಕೆಟ್ಟರೆ ಒಂದು ಹಂತ ಹಿಂದಕ್ಕೆ ಬನ್ನಿ.

ಇದು ವೆಸ್ಟ್, ಸ್ಪ್ರಿಂಗ್ ಆರ್ಮ್, ಸ್ಲೆಡ್ ಮೂರೂ ಇರುವ, ಮೋಟರ್ ಇಲ್ಲದ ರಿಗ್‌ಗೆ (ಇಡೀ ಸಲಕರಣೆಗೆ) ಬರೆದದ್ದು. ಆರ್ಮ್ ಅಂದರೆ ವೆಸ್ಟ್‌ಗೆ ಸಿಕ್ಕಿಸಿ ಸ್ಲೆಡ್ ಅನ್ನು ಹೊರುವ ಸ್ಪ್ರಿಂಗ್ ತೋಳು. ಸ್ಲೆಡ್ ಅಂದರೆ ಮೇಲೆ ಕ್ಯಾಮೆರಾ, ಕೆಳಗೆ ಮಾನಿಟರ್ ಮತ್ತು ಬ್ಯಾಟರಿ, ನಡುವೆ ಪೋಸ್ಟ್ ಎಂಬ ಕೊಳವೆ, ಆ ಕೊಳವೆಯ ಮೇಲೆ ಗಿಂಬಲ್ (ಎಲ್ಲ ದಿಕ್ಕಿಗೂ ತಿರುಗುವ ಕೀಲು) ಇರುವ ಭಾಗ. ಸಾಮಾನ್ಯವಾಗಿ ಬಲಗೈ ಆರ್ಮ್ ಕಡೆ, ಎಡಗೈ ಪೋಸ್ಟ್ ಮೇಲೆ, ಸ್ಲೆಡ್ ದೇಹದ ಎಡಕ್ಕೆ. ಕೆಳಗಿನ ವಿವರಣೆಯೂ ಹಾಗೇ ಇದೆ. ಉಲ್ಟಾ ಕೆಲಸ ಮಾಡುವವರು ಎಡ ಬಲ ಬದಲಿಸಿ ಓದಿಕೊಳ್ಳಿ.

## ಮೊದಲು ಜೋಡಿಸಿಕೊಳ್ಳಬೇಕಾದ್ದು

ರಿಗ್ ಜೊತೆ ಡಾಕಿಂಗ್ ಬ್ರಾಕೆಟ್ (ಸ್ಲೆಡ್ ಕೂರಿಸಿ ಲಾಕ್ ಮಾಡುವ ಕೊಕ್ಕೆ) ಇರುವ ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಬಾಡಿಗೆ ಉಳಿಸಲು ಜನ ಮೊದಲು ಬಿಟ್ಟುಬರುವುದು ಇದನ್ನೇ. ಸ್ಟ್ಯಾಂಡ್ ಇಲ್ಲದೆ ಬ್ಯಾಲೆನ್ಸ್ ಮಾಡಲು ಆಗುವುದಿಲ್ಲ, ವಿಶ್ರಾಂತಿಯೂ ಸಿಗುವುದಿಲ್ಲ. ಸ್ಟ್ಯಾಂಡ್ ಕಾಲಿನ ಮೇಲೆ ಹಾಕಲು ಒಂದು ಮರಳು ಚೀಲ ಇರಲಿ.

ಅಲೆನ್ ಕೀ ಸೆಟ್ ತೆಗೆದುಕೊಳ್ಳುವಾಗ ಒಂದು ಎಚ್ಚರ. ಕೆಲವು ರಿಗ್‌ಗಳ ಸ್ಕ್ರೂ ಇಂಚಿನ ಅಳತೆಯವು. ಮಿಲಿಮೀಟರ್ ಕೀ ಹತ್ತಿರ ಹತ್ತಿರ ಕೂತಂತೆ ಅನ್ನಿಸಿ, ತಿರುಗಿಸಿದಾಗ ಸ್ಕ್ರೂ ತಲೆ ಸವೆದುಬಿಡುತ್ತದೆ. ಎಸ್.ಪಿ. ರಸ್ತೆಯಂಥ ಕಡೆ ಎರಡೂ ಅಳತೆಯ ಸೆಟ್ ಕೇಳಿ. ಗಾರೆ ಕೆಲಸದವರು ಬಳಸುವ ರಸಮಟ್ಟದ ಚಿಕ್ಕದೊಂದು, ಒಂದು ದುಂಡು ಪೆನ್ಸಿಲ್, ಬಣ್ಣದ ಟೇಪ್, ತೆಳು ಅಡಿಯ ಶೂ ಇದ್ದರೆ ಸಾಕು.

ರಿಗ್ ಕೈಗೆ ಬರುವಾಗ ಅಂಗಡಿಯಲ್ಲೇ ಮೂರು ಕಡೆ ನೋಡಿ. ಗಿಂಬಲ್ ಎಲ್ಲ ದಿಕ್ಕಿಗೂ ತಡೆಯಿಲ್ಲದೆ ತಿರುಗಬೇಕು. ಎಲ್ಲಾದರೂ ಕಚ್ಚಿದರೆ ಆ ಪೀಸ್ ಬೇಡ. ಆರ್ಮ್ ಏರಿಸಿ ಇಳಿಸಿದಾಗ ಕಟಕಟ ಸದ್ದು ಬರಬಾರದು. ಆರ್ಮ್ ಒಳಗೆ ತಂತಿ ಹಗ್ಗ ಇರುವ ಮಾಡೆಲ್ ಆದರೆ ಎಳೆ ಬಿಚ್ಚಿದೆಯೇ ನೋಡಿ. ಬಿಚ್ಚಿದ್ದರೆ ಅಲ್ಲೇ ವಾಪಸ್ ಕೊಡಿ.

ಕ್ಯಾಮೆರಾದಲ್ಲಿ 24 ಮಿಮೀ ಹತ್ತಿರದ ಲೆನ್ಸ್ ಹಾಕಿ. ಕಲಿಯುವಷ್ಟು ದಿನ ಕ್ಯಾಮೆರಾದ ಸ್ಟೆಬಿಲೈಸೇಷನ್ (ನಡುಕ ತಗ್ಗಿಸುವ ಸೌಲಭ್ಯ) ಆಫ್ ಇರಲಿ. ಅದು ಆನ್ ಇದ್ದರೆ ನಿಮ್ಮ ತಪ್ಪು ನಿಮಗೇ ಕಾಣುವುದಿಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಒಳಗಡೆ ಲೈಟ್ ಮಿನುಗುವ ತೊಂದರೆ ಇದರಿಂದ ತಪ್ಪುತ್ತದೆ.

## ಹಂತ 1: ಜಾಗ ಆರಿಸಿ

ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ಪಾರ್ಕಿಂಗ್ ಒಳ್ಳೆಯ ಜಾಗ. ಹಗಲು ಹೊತ್ತು ಅರ್ಧ ಖಾಲಿ ಇರುತ್ತದೆ, ಗಾಳಿ ಇರುವುದಿಲ್ಲ, ನೆಲ ಸುಮಾರಾಗಿ ಮಟ್ಟ. ಸೆಕ್ಯೂರಿಟಿಯವರಿಗೆ ಮೊದಲೇ ಹೇಳಿಡಿ. ಮನೆಯ ಹಾಲ್ ಉದ್ದವಾಗಿದ್ದರೆ ಅದೂ ಆದೀತು. ಟೈಲ್ಸ್ ಸೇರುವ ಗೆರೆಯೇ ನಿಮಗೆ ನಡೆಯುವ ಗೆರೆ.

ಮಹಡಿ ಮೇಲೆ ಬೇಡ. ಮಾನಿಟರ್ ನೋಡುತ್ತಾ ಹಿಂದೆ ಹಿಂದೆ ನಡೆಯುವವರಿಗೆ ಗಿಡ್ಡ ಪ್ಯಾರಪೆಟ್ ಗೋಡೆ ಅಪಾಯ. ಆಷಾಢದ ಗಾಳಿ ಬೀಸುವ ದಿನಗಳಲ್ಲಂತೂ ಮಹಡಿಯಲ್ಲಿ ಏನೂ ಕಲಿಯಲು ಆಗುವುದಿಲ್ಲ.

## ಹಂತ 2: ವೆಸ್ಟ್ ಕಟ್ಟಿಕೊಳ್ಳಿ

ಎಲ್ಲ ಪಟ್ಟಿ ಸಡಿಲ ಮಾಡಿ ವೆಸ್ಟ್ ಹಾಕಿಕೊಳ್ಳಿ. ಮೊದಲು ಸೊಂಟದ ಪಟ್ಟಿ. ಅದು ಹೊಟ್ಟೆ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಎರಡೂ ಪಕ್ಕದಲ್ಲಿ ಬೆರಳಿಟ್ಟು ಮೂಳೆಯ ಅಂಚು ಹುಡುಕಿ, ಅದರ ಮೇಲೆ ಬಿಗಿಯಾಗಿ ಕಟ್ಟಿ. ಆಮೇಲೆ ಎದೆ ಪಟ್ಟಿ. ಕೊನೆಗೆ ಭುಜದ ಪಟ್ಟಿ, ಅದೂ ಮೈಗೆ ತಾಗುವಷ್ಟೇ.

ಎಲ್ಲರೂ ಮಾಡುವ ತಪ್ಪು ಭುಜದಿಂದ ಶುರು ಮಾಡುವುದು. ಆಗ ಭಾರವೆಲ್ಲ ಭುಜಕ್ಕೆ ಬಿದ್ದು, ಅಲ್ಲಿಂದ ಬೆನ್ನುಮೂಳೆಗೆ ಇಳಿಯುತ್ತದೆ. ಭಾರ ಸೊಂಟಕ್ಕೆ, ಅಲ್ಲಿಂದ ಕಾಲಿಗೆ ಹೋಗಬೇಕು.

ಪರೀಕ್ಷೆ: ಭುಜದ ಪಟ್ಟಿ ಸ್ವಲ್ಪ ಸಡಿಲಿಸಿ ನಾಲ್ಕು ಹೆಜ್ಜೆ ಹಾಕಿ. ವೆಸ್ಟ್ ಕೆಳಗೆ ಜಾರಬಾರದು. ಜೋರಾಗಿ ಉಸಿರೆಳೆದರೆ ಎದೆ ಕಟ್ಟಿದಂತೆ ಆಗಬಾರದು. ಹತ್ತಿ ಬಟ್ಟೆ ಹಾಕಿಕೊಂಡು, ಜೇಬಿನಿಂದ ಫೋನ್, ಕೀ ತೆಗೆದಿಡಿ. ಸೊಂಟದ ಪಟ್ಟಿಯ ಅಡಿಯಲ್ಲಿ ಒಂದು ಕೀ ಸಿಕ್ಕಿಕೊಂಡರೂ ಸಾಕು, ಹತ್ತು ನಿಮಿಷದಲ್ಲಿ ಗುರುತು ಬೀಳುತ್ತದೆ.

## ಹಂತ 3: ಸ್ಲೆಡ್ ಬ್ಯಾಲೆನ್ಸ್ ಮಾಡಿ

ಅರ್ಧ ದಿನ ಹೋದರೂ ಪರವಾಗಿಲ್ಲ, ಈ ಹಂತ ಅವಸರದಲ್ಲಿ ಮುಗಿಸಬೇಡಿ. ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ.

ಕ್ಯಾಮೆರಾವನ್ನು ಶೂಟ್ ಮಾಡುವ ಸ್ಥಿತಿಯಲ್ಲೇ ಸಿದ್ಧಮಾಡಿ. ಕಾರ್ಡ್, ಬ್ಯಾಟರಿ, ಫಿಲ್ಟರ್ ಎಲ್ಲ ಒಳಗಿರಲಿ, ಲೆನ್ಸ್ ಕ್ಯಾಪ್ ತೆಗೆದಿರಲಿ, ಕುತ್ತಿಗೆ ಪಟ್ಟಿ ಬಿಚ್ಚಿರಲಿ. ಬ್ಯಾಲೆನ್ಸ್ ಆದ ಮೇಲೆ ಇವುಗಳಲ್ಲಿ ಒಂದು ಬದಲಾದರೂ ಮತ್ತೆ ಮೊದಲಿನಿಂದ. ಉದ್ದ ಬೆಳೆಯುವ ಜೂಮ್ ಲೆನ್ಸ್ ಆದರೆ ಒಂದೇ ಮಿಮೀಗೆ ಇಟ್ಟು ಟೇಪ್ ಹಾಕಿ. ಜೂಮ್ ಮಾಡಿದರೆ ಭಾರ ಮುಂದಕ್ಕೆ ಸರಿಯುತ್ತದೆ.

ಮೇಜಿನ ಮೇಲೆ ದುಂಡು ಪೆನ್ಸಿಲ್ ಇಟ್ಟು ಅದರ ಮೇಲೆ ಕ್ಯಾಮೆರಾ ತೂಗಿಸಿ. ಯಾವ ಜಾಗದಲ್ಲಿ ಎರಡೂ ಕಡೆ ವಾಲದೆ ನಿಲ್ಲುತ್ತದೋ ಅಲ್ಲಿ ಟೇಪ್ ಗುರುತು ಹಾಕಿ. ಸ್ಲೆಡ್ ಮೇಲೆ ಕೂರಿಸುವಾಗ ಆ ಗುರುತು ಪೋಸ್ಟ್‌ನ ನಡುಗೆರೆಗಿಂತ ಒಂದೆರಡು ಸೆಂಟಿಮೀಟರ್ ಹಿಂದೆ ಬರಲಿ. ಶುರು ಮಾಡಲು ಅದು ಸರಿಯಾದ ಜಾಗ.

ಹಿಂದೆ ಮುಂದೆ, ಎಡ ಬಲ. ಸ್ಟ್ಯಾಂಡ್‌ಗೆ ಗಿಂಬಲ್ ತೂಗುಹಾಕಿ ಪೋಸ್ಟ್ ನೋಡಿ. ಕ್ಯಾಮೆರಾ ಮುಂದಕ್ಕೆ ವಾಲಿದರೆ ಅದನ್ನು ಹಿಂದಕ್ಕೆ ಸರಿಸಿ. ಬಲಕ್ಕೆ ವಾಲಿದರೆ ಎಡಕ್ಕೆ. ಒಂದು ಸಲಕ್ಕೆ ಒಂದೇ ದಿಕ್ಕು ಹಿಡಿಯಿರಿ. ಕಣ್ಣಿಗೆ ನೇರ ಅನ್ನಿಸಿದ ಮೇಲೂ ರಸಮಟ್ಟವನ್ನು ಕ್ಯಾಮೆರಾ ತಟ್ಟೆಯ ಮೇಲಿಟ್ಟು ನೋಡಿ. ಕಣ್ಣು ಪಕ್ಕದ ಗೋಡೆ, ಕಂಬ ನೋಡಿ ಮೋಸ ಹೋಗುತ್ತದೆ.

ಮೇಲೆ ಕೆಳಗೆ. ಪೋಸ್ಟ್ ಅನ್ನು ನೆಲಕ್ಕೆ ಸಮಾಂತರವಾಗಿ ಮಲಗಿಸಿ ಹಿಡಿದು, ಬಿಡಿ. ಅದು ಕೆಳಗಿಳಿದು ನೆಟ್ಟಗಾಗುವ ಹೊತ್ತಿಗೆ ಎರಡೂವರೆಯಿಂದ ಮೂರು ಸೆಕೆಂಡ್ ಆಗಬೇಕು. ನೆಟ್ಟಗಾದ ತಕ್ಷಣ ಕೈಯಲ್ಲಿ ಹಿಡಿಯಿರಿ, ಸ್ಟ್ಯಾಂಡ್‌ಗೆ ಬಡಿಯಲು ಬಿಡಬೇಡಿ. ಒಂದೇ ಸೆಕೆಂಡಿನಲ್ಲಿ ಬಿದ್ದರೆ ಕೆಳಗೆ ಭಾರ ಜಾಸ್ತಿ. ಗಿಂಬಲ್ ಅನ್ನು ಪೋಸ್ಟ್ ಮೇಲೆ ಸ್ವಲ್ಪ ಕೆಳಗಿಳಿಸಿ. ಐದಾರು ಸೆಕೆಂಡ್ ತೆಗೆದುಕೊಂಡರೆ ಸ್ವಲ್ಪ ಮೇಲೇರಿಸಿ. ಕ್ಯಾಮೆರಾವೇ ಕೆಳಕ್ಕೆ ಬೀಳಲು ಹೊರಟರೆ ಮೇಲೆ ಭಾರ ಹೆಚ್ಚಿದೆ ಅಂತ, ಬೇಗ ಹಿಡಿಯಿರಿ. ಗಿಂಬಲ್ ಸರಿಯದ ಅಗ್ಗದ ರಿಗ್ ಆದರೆ ಅಡಿಯ ತೂಕದ ಬಿಲ್ಲೆ ಹಾಕುವುದು, ತೆಗೆಯುವುದು, ಪೋಸ್ಟ್ ಉದ್ದ ಗಿಡ್ಡ ಮಾಡುವುದು, ಇದರಿಂದ ಅದೇ ಕೆಲಸ ಆಗುತ್ತದೆ.

ಕಲಿಯುವವರಿಗೆ ಕೆಳಭಾರ ಹಿತ ಅನ್ನಿಸುತ್ತದೆ. ರಿಗ್ ತಾನಾಗೇ ನೆಟ್ಟಗೆ ನಿಲ್ಲುತ್ತದಲ್ವಾ? ಆದರೆ ಕೆಳಭಾರ ಜಾಸ್ತಿಯಾದರೆ ಸ್ಲೆಡ್ ಲೋಲಕವಾಗುತ್ತದೆ. ನಡೆಯಲು ಶುರು ಮಾಡಿದಾಗ, ನಿಂತಾಗ, ತಿರುಗಿದಾಗ ತೂಗಾಡುತ್ತದೆ. ಹೊಸಬರ ಫೂಟೇಜ್‌ನಲ್ಲಿ ಕಾಣುವ ಅಲೆಯಲ್ಲಿ ಬಹುಪಾಲು ಇದೇ.

ಸುತ್ತು ಪರೀಕ್ಷೆ. ಪೋಸ್ಟ್ ಅನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ, ಎರಡು ಮೂರು ಸೆಕೆಂಡಿಗೆ ಒಂದು ಸುತ್ತು ಬರಲಿ. ಪೋಸ್ಟ್ ನೆಟ್ಟಗೇ ನಿಂತು ತಿರುಗಬೇಕು. ಓಲಾಡಿದರೆ ಅಡಿಯ ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಒಳಕ್ಕೋ ಹೊರಕ್ಕೋ ಸರಿಸಿ, ಕ್ಯಾಮೆರಾ ಜಾಗ ಮತ್ತೆ ಸರಿಮಾಡಿ, ಮತ್ತೆ ತಿರುಗಿಸಿ. ಓಲಾಟ ಹೆಚ್ಚಿದರೆ ಉಲ್ಟಾ ದಿಕ್ಕಿಗೆ ಸರಿಸಿ. ತಾಳ್ಮೆ ಬೇಡುವ ಕೆಲಸ ಇದು. ಆದರೆ ಇದನ್ನು ಬಿಟ್ಟವರ ಪ್ಯಾನ್ (ಕ್ಯಾಮೆರಾ ಎಡ ಬಲ ತಿರುಗಿಸುವ) ಶಾಟ್ ಎಂದೂ ಮಟ್ಟವಾಗಿ ಬರುವುದಿಲ್ಲ.

ಮಾನಿಟರ್‌ಗೆ ಹೋಗುವ ಕೇಬಲ್ ದಪ್ಪಗಿದ್ದರೆ ಅದೇ ಸ್ಪ್ರಿಂಗ್‌ನಂತೆ ಸ್ಲೆಡ್ ಅನ್ನು ಎಳೆಯುತ್ತದೆ. ತೆಳು ಕೇಬಲ್ ಹಾಕಿ, ಗಿಂಬಲ್ ಬಳಿ ಸಡಿಲ ಸುತ್ತು ಬಿಡಿ.

## ಹಂತ 4: ಏರಿಸುವುದು, ಇಳಿಸುವುದು

ಇದನ್ನು ಬೇರೆ ಹಂತವಾಗಿ ಕಲಿಯಬೇಕು. ಏಟು ಬೀಳುವುದು ಇಲ್ಲೇ.

ಸ್ಟ್ಯಾಂಡ್ ಎತ್ತರವನ್ನು ಗಿಂಬಲ್ ನಿಮ್ಮ ಹೊಟ್ಟೆಯ ಮಟ್ಟಕ್ಕೆ ಬರುವಂತೆ ಇಡಿ. ಆರ್ಮ್ ಅನ್ನು ವೆಸ್ಟ್‌ನ ಸಾಕೆಟ್‌ಗೆ ಸಿಕ್ಕಿಸಿ, ಲಾಕ್ ಬಿದ್ದಿದೆಯೇ ಅಲ್ಲಾಡಿಸಿ ನೋಡಿ. ಮೊಣಕಾಲು ಸ್ವಲ್ಪ ಬಗ್ಗಿಸಿ ಹತ್ತಿರ ಹೋಗಿ, ಆರ್ಮ್ ತುದಿಯ ಕಡ್ಡಿಯನ್ನು ಗಿಂಬಲ್ ಹಿಡಿಯ ರಂಧ್ರಕ್ಕೆ ಸೇರಿಸಿ. ಕಾಲಿನ ಬಲದಿಂದ ನಿಧಾನ ಎದ್ದು, ಬ್ರಾಕೆಟ್‌ನಿಂದ ಸ್ಲೆಡ್ ಬಿಟ್ಟ ಮೇಲೆ ಒಂದು ಹೆಜ್ಜೆ ಹಿಂದೆ ಬನ್ನಿ. ಬೆನ್ನು ಬಗ್ಗಿಸಿ ಎತ್ತಬೇಡಿ.

ಇಳಿಸುವಾಗ ಇದೇ ಕ್ರಮ ಉಲ್ಟಾ. ಸ್ಲೆಡ್ ಮೊದಲು ಬ್ರಾಕೆಟ್‌ನಲ್ಲಿ ಕೂರಬೇಕು, ಲಾಕ್ ಆಗಬೇಕು. ಆಮೇಲೆ ಆರ್ಮ್ ಕೈಯಲ್ಲಿ ಹಿಡಿದುಕೊಂಡೇ ಕಡ್ಡಿ ಬಿಡಿಸಬೇಕು. ಭಾರ ಕಳಚಿದ ಆರ್ಮ್ ಸ್ಪ್ರಿಂಗ್ ಬಲಕ್ಕೆ ಮೇಲಕ್ಕೆ ಹಾರುತ್ತದೆ. ಅದು ಮುಖಕ್ಕೆ ಬಡಿದರೆ ಹಲ್ಲು ಹೋದೀತು. ಆರ್ಮ್‌ನ ಎರಡು ಭಾಗ ಮಡಚುವ ಸಂದಿಯಲ್ಲಿ ಯಾವತ್ತೂ ಬೆರಳಿಡಬೇಡಿ.

ಏರಿಸಿದ ಮೇಲೆ ಸ್ಪ್ರಿಂಗ್ ಬಿಗಿ ನೋಡಿ. ಕೈ ಬಿಟ್ಟಾಗ ಆರ್ಮ್‌ನ ಎರಡೂ ಭಾಗ ಹೆಚ್ಚುಕಡಿಮೆ ನೆಲಕ್ಕೆ ಸಮಾಂತರವಾಗಿ ತೇಲಬೇಕು. ಸ್ಲೆಡ್ ಕುಸಿದರೆ ಬಿಗಿ ಹೆಚ್ಚಿಸಿ, ಮೇಲೇರಿದರೆ ಕಡಿಮೆ ಮಾಡಿ. ಎರಡೂ ಭಾಗವನ್ನು ಹೊಂದಿಸಿ. ಯಾವ ಸ್ಥಿತಿಯಲ್ಲಿ ತಿರುಗಿಸಬೇಕು ಎಂದು ಆ ರಿಗ್‌ನ ಮ್ಯಾನ್ಯುಯಲ್ ಹೇಳುತ್ತದೆ. ಗಟ್ಟಿಯಾಗಿ ಕೂತಿದ್ದರೆ ಬಲ ಹಾಕಬೇಡಿ.

ಪರೀಕ್ಷೆ: ಯಾರ ಸಹಾಯವೂ ಇಲ್ಲದೆ, ಸದ್ದಿಲ್ಲದೆ ಏರಿಸಿ ಇಳಿಸಲು ಬರಬೇಕು.

## ಹಂತ 5: ಸುಮ್ನೆ ನಿಲ್ಲಿ

ರಿಗ್ ಏರಿಸಿಕೊಂಡು ಎರಡೂ ಕೈ ಬಿಟ್ಟು ನಿಲ್ಲಿ. ಸ್ಲೆಡ್ ನಿಮ್ಮ ಎಡ ಮುಂಭಾಗದಲ್ಲಿ, ಮೈಗೆ ಹತ್ತಿರ, ಇದ್ದಲ್ಲೇ ಇರಬೇಕು. ಹೊಸಬರಲ್ಲಿ ಅದು ಮುಂದಕ್ಕೆ ಓಡುತ್ತದೆ, ಇಲ್ಲವೇ ಬಲಕ್ಕೆ ಸುತ್ತಿ ಬರುತ್ತದೆ.

ಮೊದಲು ನಿಮ್ಮ ನಿಲುವು ನೋಡಿ. ತುಂಬಿದ ಕೊಡ ಸೊಂಟದ ಮೇಲಿಟ್ಟು ನಡೆಯುವವರು ಮೈಯನ್ನು ಕೊಡದ ಎದುರು ದಿಕ್ಕಿಗೆ ಒಂದಿಷ್ಟು ವಾಲಿಸುತ್ತಾರೆ, ಆದರೆ ಬೆನ್ನು ಮುರಿಯುವುದಿಲ್ಲ. ಇಲ್ಲೂ ಹಾಗೇ. ಪಾದದ ಗಂಟಿನಿಂದಲೇ ಇಡೀ ಮೈ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಬಲಕ್ಕೆ. ಸೊಂಟದಲ್ಲಿ ಬಗ್ಗಿ ಎದೆ ಹಿಂದಕ್ಕೆ ಚೆಲ್ಲಿದರೆ ಕೆಳಬೆನ್ನು ಹೋಗುತ್ತದೆ. ಸ್ಲೆಡ್ ಮೈಯಿಂದ ದೂರ ಹೋದಷ್ಟೂ ಅದೇ ಭಾರ ಜಾಸ್ತಿ ಎಳೆಯುತ್ತದೆ. ಹತ್ತಿರ ಇಟ್ಟುಕೊಳ್ಳಿ.

ನಿಲುವು ಸರಿಹೋದ ಮೇಲೂ ಸ್ಲೆಡ್ ಓಡಿದರೆ ಸಾಕೆಟ್ ಸ್ಕ್ರೂ ಮುಟ್ಟಿ. ಒಂದು ಹೊಂದಾಣಿಕೆ ಹಿಂದೆ ಮುಂದೆಗೆ, ಇನ್ನೊಂದು ಎಡ ಬಲಕ್ಕೆ. ಕಾಲು ಸುತ್ತು ತಿರುಗಿಸಿ, ಕೈ ಬಿಟ್ಟು ನೋಡಿ, ಮತ್ತೆ ಕಾಲು ಸುತ್ತು. ನಿಲುವು ಸರಿಮಾಡುವ ಮೊದಲೇ ಸ್ಕ್ರೂ ತಿರುಗಿಸಿದರೆ, ತಪ್ಪು ನಿಲುವಿಗೆ ರಿಗ್ ಹೊಂದಿಸಿದಂತೆ ಆಗುತ್ತದೆ.

ಪರೀಕ್ಷೆ: ಕೈ ಬಿಟ್ಟು ಒಂದು ನಿಮಿಷ, ಸ್ಲೆಡ್ ಅಲುಗದೆ. ಶುರುವಿನಲ್ಲಿ ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಹೊರಬೇಡಿ. ದೊಡ್ಡ ಸಿನಿಮಾ ಕ್ಯಾಮೆರಾ ಇರುವ ರಿಗ್‌ಗಳು 25–30 ಕೆಜಿ ದಾಟುತ್ತವೆ. ಅವನ್ನು ಹೊರುವವರೂ ಪ್ರತಿ ಟೇಕ್ ಮುಗಿದ ಕೂಡಲೇ ಸ್ಟ್ಯಾಂಡ್‌ಗೆ ಇಳಿಸುತ್ತಾರೆ. ಬೆರಳು ಅಥವಾ ತೊಡೆ ಜುಮ್ಮೆಂದರೆ, ಕೆಳಬೆನ್ನಿನಲ್ಲಿ ಚುಚ್ಚು ನೋವು ಬಂದರೆ ಆ ದಿನಕ್ಕೆ ನಿಲ್ಲಿಸಿ. ಸ್ನಾಯು ದಣಿದ ನೋವು ಬೇರೆ, ಇದು ಬೇರೆ. ಬೆನ್ನಿನ ಡಿಸ್ಕ್ ತೊಂದರೆ, ಹರ್ನಿಯಾ ಇದ್ದವರು ಡಾಕ್ಟರನ್ನು ಕೇಳದೆ ವೆಸ್ಟ್ ಹಾಕಲೇಬೇಡಿ.

## ಹಂತ 6: ಎರಡು ಕೈಗೆ ಎರಡು ಕೆಲಸ

ಬಲಗೈ ಗಿಂಬಲ್ ಹಿಡಿಯ ಮೇಲೆ. ಸ್ಲೆಡ್ ಏರಿಸುವುದು, ಇಳಿಸುವುದು, ಮೈಯ ಸುತ್ತ ಒಯ್ಯುವುದು ಇದರ ಕೆಲಸ. ಇಲ್ಲಿ ಬಲ ಹಾಕಬಹುದು.

ಎಡಗೈ ಪೋಸ್ಟ್ ಮೇಲೆ, ಗಿಂಬಲ್‌ಗೆ ತಾಗಿದಂತೆ ಅದರ ಕೆಳಗೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಅಷ್ಟೇ. ಪ್ಯಾನ್, ಟಿಲ್ಟ್ (ಮೇಲೆ ಕೆಳಗೆ ಬಾಗಿಸುವುದು), ಮಟ್ಟ ಕಾಯುವುದು ಇದರ ಕೆಲಸ. ಭಾರದ ಕೇಂದ್ರ ಗಿಂಬಲ್ ಹತ್ತಿರವೇ ಇರುವುದರಿಂದ ಅಲ್ಲಿ ಹಿಡಿದರೆ ಕೈಯ ನಡುಕ ಸ್ಲೆಡ್ ಅನ್ನು ತೂಗಿಸುವುದಿಲ್ಲ. ಕೈ ಕೆಳಗೆ ಜಾರಿದಷ್ಟೂ ಪ್ರತಿ ಅಲುಗಾಟವೂ ಫ್ರೇಮ್‌ಗೆ ಹೋಗುತ್ತದೆ. ಉಗುರಿನ ತುದಿ ಬಿಳಿಚಿಕೊಂಡಿದ್ದರೆ ಹಿಡಿತ ಜಾಸ್ತಿಯಾಗಿದೆ ಅಂತಲೇ ಅರ್ಥ.

ಗೋಡೆ ಮೇಲೆ ಲೆನ್ಸ್ ಎತ್ತರಕ್ಕೆ ಟೇಪಿನಿಂದ ಅಧಿಕ ಚಿಹ್ನೆ ಹಾಕಿ. ಮಾನಿಟರ್‌ನಲ್ಲಿ ಗ್ರಿಡ್ ಆನ್ ಮಾಡಿ. ನಿಂತಲ್ಲೇ ಆ ಚಿಹ್ನೆಯನ್ನು ಫ್ರೇಮ್ ನಡುವೆ ಒಂದು ನಿಮಿಷ ಇಡಿ. ಆಮೇಲೆ ಸ್ಲೆಡ್ ಅನ್ನು ಎದೆ ಮಟ್ಟದಿಂದ ಸೊಂಟದವರೆಗೆ ಇಳಿಸಿ ಏರಿಸುತ್ತಾ ಚಿಹ್ನೆ ನಡುವೆಯೇ ಇರಿಸಿ. ಆಮೇಲೆ ನಿಂತಲ್ಲೇ ಹೆಜ್ಜೆ ಹಾಕುತ್ತಾ.

## ಹಂತ 7: ಗೆರೆಯ ಮೇಲೆ ನಡೆಯಿರಿ

ಚಿಹ್ನೆಯಿಂದ ನೇರಕ್ಕೆ ನೆಲದ ಮೇಲೆ ಐದಾರು ಮೀಟರ್ ಟೇಪ್ ಹಾಕಿ. ಅದರ ಮೇಲೆ ಗೋಡೆಯತ್ತ ನಡೆಯಿರಿ. ಹಿಮ್ಮಡಿ ಮೊದಲು, ಆಮೇಲೆ ಪಾದ ಉರುಳಿ ಬೆರಳು. ಮೊಣಕಾಲು ಸಡಿಲ ಇರಲಿ, ಆದರೆ ಕುಕ್ಕರಿಸಿ ನಡೆಯಬೇಡಿ. ಕುಕ್ಕರಿಸಿದರೆ ತೊಡೆ ಬೇಗ ದಣಿದು ಮೈ ನಡುಗುತ್ತದೆ. ಹೆಜ್ಜೆ ಮಾಮೂಲಿಗಿಂತ ಚಿಕ್ಕದು. ಕಣ್ಣು ಮಾನಿಟರ್ ಮೇಲೆ, ನೆಲ ಕಣ್ಣಂಚಿನಲ್ಲಿ.

ಮುಂದೆ ಹೋಗುವುದು ಬಂದ ಮೇಲೆ ಕ್ಯಾಮೆರಾ ಗೋಡೆಗೇ ಇಟ್ಟು ಹಿಂದೆ ಹಿಂದೆ ನಡೆಯಿರಿ. ಅದು ಬಂದ ಮೇಲೆ ನೀವು ಮುಂದೆ ನಡೆಯುತ್ತಾ ಕ್ಯಾಮೆರಾ ಹಿಂದಕ್ಕೆ ನೋಡುವಂತೆ ಇಡಿ. ಜನರ ಮುಂದೆ ಹೋಗುತ್ತಾ ಅವರ ಮುಖ ಹಿಡಿಯಲು ಇದೇ ಬೇಕು. ಹಿಂದೆ ನಡೆಯುವಾಗ ಬೆನ್ನ ಹಿಂದೆ ಒಬ್ಬರು ಇರಲೇಬೇಕು, ಅವರ ಅಂಗೈ ನಿಮ್ಮ ವೆಸ್ಟ್ ಮೇಲೆ.

ಪ್ರತಿ ನಡಿಗೆಯನ್ನೂ ರೆಕಾರ್ಡ್ ಮಾಡಿ, ದೊಡ್ಡ ಪರದೆಯಲ್ಲಿ ಚಿಹ್ನೆ ಹೇಗೆ ಅಲುಗುತ್ತದೆ ನೋಡಿ:

- ಹೆಜ್ಜೆಯ ತಾಳಕ್ಕೆ ಮೇಲೆ ಕೆಳಗೆ ಕುಣಿದರೆ ಮೊಣಕಾಲು ಬಿಗಿಯಾಗಿದೆ, ಇಲ್ಲವೇ ಬಲಗೈ ಆರ್ಮ್ ಅನ್ನು ತೇಲಲು ಬಿಡದೆ ಅದುಮಿ ಹಿಡಿದಿದೆ.
- ಅದೇ ತಾಳಕ್ಕೆ ಎಡ ಬಲ ತೂಗಿದರೆ ಭುಜ ಅಲುಗುತ್ತಿದೆ, ಅಥವಾ ಕಾಲು ಅಗಲ ಇಟ್ಟು ನಡೆಯುತ್ತಿದ್ದೀರಿ.
- ಒಂದೇ ಕಡೆ ವಾಲಿಕೊಂಡೇ ಇದ್ದರೆ ಎಡಗೈಯನ್ನು ಪೋಸ್ಟ್‌ನಿಂದ ಬಿಟ್ಟು ನಿಂತು ನೋಡಿ. ವಾಲು ಹಾಗೇ ಉಳಿದರೆ ಬ್ಯಾಲೆನ್ಸ್ ತಪ್ಪು, ಹಂತ 3ಕ್ಕೆ ಹೋಗಿ. ವಾಲು ಹೋಯಿತು ಅಂದರೆ ನಿಮ್ಮ ಕೈಯೇ ಎಳೆಯುತ್ತಿದೆ.

ಈ ಕೊನೆಯ ಪರೀಕ್ಷೆ ಒಂದನ್ನೇ ನೆನಪಿಟ್ಟುಕೊಂಡರೂ ಎಷ್ಟೋ ದಿನ ಉಳಿಯುತ್ತದೆ.

## ಹಂತ 8: ಶುರು, ನಿಲುಗಡೆ, ತಿರುವು

ನಡುವಿನ ನಡಿಗೆ ಚೆನ್ನಾಗಿದ್ದರೂ ಶಾಟ್‌ನ ಎರಡು ತುದಿ ಕೆಡುವುದು ಎಲ್ಲರಿಗೂ ಆಗುತ್ತದೆ. ಕಾರಣ ಅದೇ ಕೆಳಭಾರ. ನೀವು ಹೊರಟಾಗ ಸ್ಲೆಡ್‌ನ ಅಡಿ ಹಿಂದೆ ಉಳಿಯುತ್ತದೆ, ಹಾಗಾಗಿ ಲೆನ್ಸ್ ಕೆಳಕ್ಕೆ ಬಾಗುತ್ತದೆ. ನಿಂತಾಗ ಅಡಿ ಮುಂದಕ್ಕೆ ಹೋಗಿ ಲೆನ್ಸ್ ಮೇಲಕ್ಕೇಳುತ್ತದೆ. ಮೂಲೆ ತಿರುಗುವಾಗ ಅಡಿ ತಿರುವಿನ ಹೊರಕ್ಕೆ ಹೋಗಿ ಮಟ್ಟ ತಪ್ಪುತ್ತದೆ.

ಒಂದೇ ಸಲ ಹೊರಡಬೇಡಿ, ಒಂದೇ ಸಲ ನಿಲ್ಲಬೇಡಿ. ಮೊದಲ ಎರಡು ಹೆಜ್ಜೆಯಲ್ಲಿ ವೇಗ ಹಿಡಿದು, ಕೊನೆಯ ಎರಡು ಹೆಜ್ಜೆಯಲ್ಲಿ ಇಳಿಸಿ. ಆ ಹೊತ್ತಿನಲ್ಲಿ ಎಡಗೈ ಬೆರಳು ಮೆತ್ತಗೆ ಎದುರು ಒತ್ತಡ ಕೊಡಲಿ. ಸ್ಲೆಡ್ ತೂಗಿದ ಮೇಲೆ ಹಿಡಿಯುವುದಲ್ಲ, ತೂಗುವ ಮೊದಲೇ ತಡೆಯುವುದು. ಪಾರ್ಕಿಂಗ್‌ನ ಕಂಬಗಳ ಸುತ್ತ ಎಂಟರ ಆಕಾರದಲ್ಲಿ ನಡೆದರೆ ಮೂರೂ ಒಟ್ಟಿಗೆ ಅಭ್ಯಾಸ ಆಗುತ್ತದೆ.

## ಹಂತ 9: ಹೊರಗೆ, ಆಮೇಲೆ ಛತ್ರಕ್ಕೆ

ಜಯನಗರ, ಮಲ್ಲೇಶ್ವರದ ಫುಟ್‌ಪಾತ್ ಚಪ್ಪಡಿ ಕಲ್ಲುಗಳು ಮರದ ಬೇರಿಗೆ ಎದ್ದಿರುತ್ತವೆ. ಕ್ಯಾಮೆರಾ ಇಲ್ಲದೆ ಒಮ್ಮೆ ದಾರಿ ನಡೆದು, ಎದ್ದ ಕಲ್ಲುಗಳಿಗೆ ಟೇಪ್ ಹಾಕಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಅಲ್ಲಿಗೆ ರಿಗ್ ಒಯ್ಯುವ ಮೊದಲು ಅನುಮತಿ ಕೇಳಿ. ಗಾಳಿ ಇದ್ದರೆ ಲೆನ್ಸ್ ಹುಡ್ ತೆಗೆಯಿರಿ. ಕಪ್ಪು ಬಟ್ಟೆ ಬಿಗಿದ ಫ್ರೇಮ್ ಹಿಡಿದು ಒಬ್ಬರು ಗಾಳಿ ಬರುವ ಕಡೆ ಜೊತೆಗೆ ನಡೆಯಲಿ.

ಛತ್ರದಲ್ಲಿ ಗಾಳಿ ಬೇರೆ ರೂಪದಲ್ಲಿ ಬರುತ್ತದೆ. ಪೆಡೆಸ್ಟಲ್ ಫ್ಯಾನ್ ಎದುರು ಹಾದರೆ ಸ್ಲೆಡ್ ಪಕ್ಕಕ್ಕೆ ತಿರುಗುತ್ತದೆ. ಮಂಟಪದ ಮೇಲೆ ಶೂ ಬಿಡುವುದಿಲ್ಲ, ಗ್ರಾನೈಟ್ ಮೇಲೆ ಸಾಕ್ಸ್ ಜಾರುತ್ತದೆ, ಬರಿಗಾಲಿನಡಿ ಅಕ್ಷತೆ ಉರುಳುತ್ತದೆ. ಮದುವೆ ಕೆಲಸ ಒಪ್ಪಿಕೊಳ್ಳುವ ಮೊದಲು ಬರಿಗಾಲಿನಲ್ಲಿ ಹಂತ 7 ಪೂರ್ತಿ ಮಾಡಿ. ಬರಿಗಾಲಿನ ಹೆಜ್ಜೆ ಬೇರೆಯೇ.

ಮೊದಲ ಮದುವೆಯಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವ ನಡಿಗೆ ಒಂದನ್ನು ಮಾತ್ರ ರಿಗ್ ಮೇಲೆ ತೆಗೆಯಿರಿ. ದಾರಿ ಗೊತ್ತಿರುತ್ತದೆ, ನೆಲದ ವೈರ್‌ಗಳನ್ನು ಮೊದಲೇ ಅಂಟಿಸಿಡಬಹುದು, ಬೆನ್ನ ಹಿಂದೆ ಅಸಿಸ್ಟೆಂಟ್ ನಿಲ್ಲಬಹುದು. ಗಟ್ಟಿಮೇಳದ ಹೊತ್ತಿಗೆ ರಿಗ್ ಸ್ಟ್ಯಾಂಡ್ ಮೇಲಿರಲಿ. ಆಗ ಎಲ್ಲರೂ ಒಟ್ಟಿಗೆ ಮಂಟಪಕ್ಕೆ ನುಗ್ಗುತ್ತಾರೆ, ಆ ನೂಕಾಟದಲ್ಲಿ ಮಕ್ಕಳ ತಲೆಯ ಎತ್ತರಕ್ಕೇ ಸ್ಲೆಡ್‌ನ ಅಡಿ ಬರುತ್ತದೆ. ತಾಳಿ ಕಟ್ಟುವುದನ್ನು ಮಾಮೂಲಿ ಕ್ಯಾಮೆರಾದಲ್ಲೇ ತೆಗೆಯಿರಿ. ಸ್ಟ್ಯಾಂಡ್ ಗೋಡೆ ಮೂಲೆಯಲ್ಲಿರಲಿ, ಮರಳು ಚೀಲ ಅದರ ಕಾಲಿನ ಮೇಲಿರಲಿ, ಪಕ್ಕದಲ್ಲಿ ಕಾಯಲು ಒಬ್ಬರು ಇರಲಿ.